ಹೊತ್ತೊಯ್ದವರ ಕೈಯಿಂದ ಬಿಡಿಸಿದ್ದು ಯಾರು? ಹಳೆಯ ಅಮೆರಿಕದ ಪುಸ್ತಕ, ಇವತ್ತಿನ ಹಾಲಿವುಡ್

2008ರ 'ಟೇಕನ್' ಸಿನಿಮಾದ ಫೋನ್ ಸೀನ್ ನಿಮಗೆ ನೆನಪಿರಬಹುದು. ಪೂರ್ತಿ ಸಿನಿಮಾ ನೋಡದವರಿಗೂ ಯಾವುದೋ ಮೀಮ್‌ನಲ್ಲಿ ಅದು ಕಣ್ಣಿಗೆ ಬಿದ್ದಿರುತ್ತದೆ. ಪ್ಯಾರಿಸ್‌ನಲ್ಲಿ ಮಗಳನ್ನು ಯಾರೋ ಎಳೆದೊಯ್ಯುತ್ತಾರೆ. ಇತ್ತ ಅಮೆರಿಕದಲ್ಲಿ ಅಪ್ಪ ಫೋನ್ ಹಿಡಿದು ನಿಂತಿದ್ದಾನೆ. ಕೂಗಾಡುವುದಿಲ್ಲ, ಅಳುವುದಿಲ್ಲ. ಕರೆಂಟ್ ಬಿಲ್ ಬಗ್ಗೆ ವಿಚಾರಿಸುವಷ್ಟು ತಣ್ಣಗೆ ಹೇಳುತ್ತಾನೆ: ನಿನ್ನನ್ನು ಹುಡುಕುತ್ತೇನೆ, ಹಿಡಿಯುತ್ತೇನೆ, ಕೊಲ್ಲುತ್ತೇನೆ. ಆಮೇಲೆ ಉಳಿದ ಒಂದು ಗಂಟೆ ಅದನ್ನೇ ಮಾಡುತ್ತಾನೆ.

ಈ ಕಥೆ ಎಷ್ಟು ಹಳೆಯದು ಗೊತ್ತಾ? ಅಮೆರಿಕ ಅನ್ನುವ ದೇಶಕ್ಕಿಂತ ಹಳೆಯದು. ಎಂ.ಎ.ಯಲ್ಲಿ ಅಮೆರಿಕನ್ ಸಾಹಿತ್ಯದ ಪೇಪರ್ ಓದುವಾಗ ನಾನು ಅದರ ಮೊದಲ ಯೂನಿಟ್ ಅನ್ನು ಗೈಡ್ ನೋಡಿಯೇ ದಾಟಿಸಿದ್ದೆ. ಪಾದ್ರಿಗಳ ಪ್ರವಚನ, ಡೈರಿ, ಸೆರೆಯಾದವರ ಕಥನ ಇವೆಲ್ಲ ಸುಮ್ನೆ ಬೋರ್ ಅನ್ನಿಸಿತ್ತು. ವರ್ಷಗಳ ನಂತರ ಮತ್ತೆ ಓದಿದಾಗ ಗೊತ್ತಾಗಿದ್ದು, ಹಾಲಿವುಡ್ ಇವತ್ತಿಗೂ ಬಳಸುವ ಸರಕು ಬಹಳಷ್ಟು ಅಲ್ಲೇ ಇದೆ ಅಂತ. ಒಂದು ವ್ಯತ್ಯಾಸವೂ ಕಂಡಿತು. ಕಥೆ ಅದೇ, ಆದರೆ ಸಿಕ್ಕಿಕೊಂಡವರನ್ನು ಬಿಡಿಸುವವರು ಬದಲಾಗಿದ್ದಾರೆ.

ಮೊದಲು 1676ರ ಫೆಬ್ರವರಿಗೆ ಹೋಗೋಣ. ಜಾಗ ಮ್ಯಾಸಚೂಸೆಟ್ಸ್‌ನ ಲ್ಯಾಂಕಾಸ್ಟರ್, ಕಾಡಂಚಿನ ಒಂದು ಇಂಗ್ಲಿಷ್ ಹಳ್ಳಿ. ಮೂಲನಿವಾಸಿಗಳಿಗೂ ಇಂಗ್ಲಿಷ್ ವಲಸಿಗರಿಗೂ ಯುದ್ಧ ನಡೆಯುತ್ತಿದೆ. ಮೂಲನಿವಾಸಿಗಳ ಕಡೆ ಮುಂದಾಳು ಮೆಟಾಕಾಮ್. ಇಂಗ್ಲಿಷರು ಅವನನ್ನು ಕಿಂಗ್ ಫಿಲಿಪ್ ಅಂತ ಕರೆಯುತ್ತಿದ್ದರು. ಸೂರ್ಯ ಹುಟ್ಟುವ ಹೊತ್ತಿಗೆ ಹಳ್ಳಿಯ ಮೇಲೆ ದಾಳಿಯಾಯಿತು. ಊರಿನ ಪಾದ್ರಿ ಸಹಾಯ ಕೇಳಲು ಬಾಸ್ಟನ್‌ಗೆ ಹೋಗಿದ್ದರು. ಅವರ ಹೆಂಡತಿ ಮೇರಿ ರೋಲಂಡ್‌ಸನ್ ಆರು ವರ್ಷದ ಮಗಳನ್ನು ಎತ್ತಿಕೊಂಡು ಉರಿಯುವ ಮನೆಯಿಂದ ಹೊರಗೆ ಬಂದಳು. ಒಂದೇ ಗುಂಡು ಅವಳ ಪಕ್ಕೆಯನ್ನೂ ತೋಳಲ್ಲಿದ್ದ ಮಗುವಿನ ಹೊಟ್ಟೆಯನ್ನೂ ತೂರಿಕೊಂಡು ಹೋಯಿತು.

ಒಂಬತ್ತು ದಿನ ನರಳಿ ಆ ಮಗು ಸತ್ತಿತು. ಮೇರಿ ಸುಮಾರು 11 ವಾರ ಸೆರೆಯಲ್ಲಿದ್ದಳು. ಆ ಜನ ಇಂಗ್ಲಿಷ್ ಸೈನ್ಯದಿಂದ ತಪ್ಪಿಸಿಕೊಳ್ಳುತ್ತಾ ಜಾಗ ಬದಲಾಯಿಸುತ್ತಲೇ ಇದ್ದರು, ಇವಳೂ ಜೊತೆಗೆ ನಡೆಯುತ್ತಿದ್ದಳು. 1682ರಲ್ಲಿ ಬಂದ ಅವಳ ಪುಸ್ತಕದಲ್ಲಿ ಅಧ್ಯಾಯಗಳನ್ನು ಹಾಗೇ ಲೆಕ್ಕ ಹಾಕಿದ್ದಾಳೆ: ಒಂದನೆಯ ಸಲ ಎಬ್ಬಿಸಿ ಹೊರಡಿಸಿದ್ದು, ಎರಡನೆಯ ಸಲ ಹೊರಡಿಸಿದ್ದು, ಹೀಗೆ ಇಪ್ಪತ್ತು. ಒಂದೇ ವರ್ಷದಲ್ಲಿ ಅದು ಬಾಸ್ಟನ್, ಕೇಂಬ್ರಿಡ್ಜ್, ಲಂಡನ್ ಮೂರೂ ಕಡೆ ಅಚ್ಚಾಯಿತು.

ಈ ಪುಸ್ತಕವನ್ನು ಎರಡು ರೀತಿ ಓದಬಹುದು. ಅವಳೇ ಹೇಳುವ ಪ್ರಕಾರ ಬಿಡಿಸಿದ್ದು ದೇವರು. ಸೆರೆಯಾಗಿದ್ದು ಪಾಪಕ್ಕೆ ಸಿಕ್ಕ ಪೆಟ್ಟು, ಬಿಡುಗಡೆ ದೇವರ ಕೃಪೆ. ಲೂಟಿಯಲ್ಲಿ ಸಿಕ್ಕಿದ ಒಂದು ಬೈಬಲನ್ನು ಯಾರೋ ಇವಳಿಗೆ ಕೊಡುತ್ತಾರೆ. ಕಷ್ಟ ಬಂದಾಗಲೆಲ್ಲ ಅದನ್ನು ತೆರೆದು ಒಂದು ಸಾಲು ಹಿಡಿದುಕೊಳ್ಳುತ್ತಾಳೆ.

ಆದರೆ ಅವಳು ಕೊಡುವ ವಿವರಗಳು ಬೇರೆಯದನ್ನೇ ಹೇಳುತ್ತವೆ. ಅವಳಿಗೆ ಹೊಲಿಗೆ, ಹೆಣಿಗೆ ಗೊತ್ತಿತ್ತು. ಒಬ್ಬಳಿಗೆ ಕಾಲುಚೀಲ ಹೆಣೆದುಕೊಟ್ಟು ಬಟಾಣಿ ಪಡೆದಳು. ಇನ್ನೊಬ್ಬಳ ಗಂಡನಿಗೆ ಅಂಗಿ ಹೊಲಿದು ಕರಡಿ ಮಾಂಸ ಪಡೆದಳು. ಸ್ವತಃ ಮೆಟಾಕಾಮ್ ತನ್ನ ಹುಡುಗನಿಗೆ ಅಂಗಿ ಹೊಲಿಸಿಕೊಂಡು ಒಂದು ಶಿಲ್ಲಿಂಗ್ ಕೊಟ್ಟ. ಆ ದುಡ್ಡಲ್ಲಿ ಕುದುರೆ ಮಾಂಸ ಕೊಂಡಳು. ಆಮೇಲೆ ಟೋಪಿ ಹೊಲಿದಾಗ ಅವನು ಊಟಕ್ಕೆ ಕರೆದ. ಕರಡಿ ಕೊಬ್ಬಿನಲ್ಲಿ ಕರಿದ, ಎರಡು ಬೆರಳಗಲದ ಗೋಧಿ ರೊಟ್ಟಿ. ಜೀವಮಾನದಲ್ಲಿ ಇಷ್ಟು ರುಚಿಯಾದದ್ದು ತಿಂದೇ ಇಲ್ಲ ಅನ್ನಿಸಿತು ಅಂತ ಬರೆದಿದ್ದಾಳೆ. ಕೊನೆಗೆ ಬಿಡುಗಡೆಗೆ ಎಷ್ಟು ಹಣ ಸಿಕ್ಕೀತು ಅಂತ ಅವಳನ್ನೇ ಕೇಳುತ್ತಾರೆ. ಕಡಿಮೆ ಹೇಳಿದರೆ ಇವರು ಒಪ್ಪಲಿಕ್ಕಿಲ್ಲ, ಜಾಸ್ತಿ ಹೇಳಿದರೆ ಹೊಂದಿಸುವುದು ಹೇಗೆ? ಯೋಚಿಸಿ 20 ಪೌಂಡ್ ಅಂದಳು. ಅಷ್ಟಕ್ಕೇ ಮಾತು ಮುಗಿಯಿತು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಜಾಗ. ಸೆರೆಯಲ್ಲಿದ್ದ ಒಂದು ಇಂಗ್ಲಿಷ್ ಮಗು ಬೇಯಿಸಿದ ಕುದುರೆ ಕಾಲಿನ ಚೂರನ್ನು ಚೀಪುತ್ತಾ ಕೂತಿರುತ್ತದೆ. ಗಟ್ಟಿ ನರ, ಅದಕ್ಕೆ ಕಚ್ಚಲು ಆಗುತ್ತಿಲ್ಲ. ಮೇರಿ ಮಗುವಿನ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ತಿನ್ನುತ್ತಾಳೆ. ರುಚಿಯಾಗಿತ್ತು ಅಂತಲೂ ಬರೆಯುತ್ತಾಳೆ. ಪಾದ್ರಿಯ ಹೆಂಡತಿ, ಮೊನ್ನೆಯಷ್ಟೇ ತನ್ನ ಮಗುವನ್ನು ಕಳೆದುಕೊಂಡವಳು. ಯಾವ ಸಿನಿಮಾದವರಿಗೂ ಈ ಸೀನ್ ತೆಗೆಯುವ ಧೈರ್ಯ ಬಂದಂತಿಲ್ಲ.

ಇಲ್ಲಿ ಒಂದು ತಕರಾರು ಬರಬಹುದು. ಹೆಂಗಸನ್ನು ಹೊತ್ತೊಯ್ಯುವ, ಹುಡುಕಿ ತರುವ ಕಥೆ ನಮಗೇನು ಹೊಸದಾ? ರಾಮಾಯಣ ಇಲ್ವಾ? ನಿಜ. ಕಥೆಯ ಎಲುಬು ಅಮೆರಿಕದವರ ಸ್ವಂತದ್ದೇನೂ ಅಲ್ಲ. ಆದರೆ ಲಂಕೆಯಿಂದ ಬಂದ ಸೀತೆಗೆ ಎದುರಾದ ಪ್ರಶ್ನೆ ಮೇರಿಗೂ ಎದುರಾಗಿತ್ತು. ಅಷ್ಟು ವಾರ ಅವರ ನಡುವೆ ಇದ್ದರೂ ಯಾರೊಬ್ಬರೂ ಮಾತಿನಲ್ಲಾಗಲಿ, ನಡೆಯಲ್ಲಾಗಲಿ ನನ್ನ ಮಾನಕ್ಕೆ ಕುಂದು ತರಲಿಲ್ಲ ಅಂತ ಅವಳು ಪ್ರತ್ಯೇಕವಾಗಿ ಬರೆಯಬೇಕಾಯಿತು. ಅಂದರೆ ಊರವರು ಏನು ಮಾತಾಡಿಕೊಳ್ಳುತ್ತಿದ್ದರು ಅಂತ ಊಹಿಸಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ನೂರು ವರ್ಷ ದಾಟೋಣ. 1776ರ ಜುಲೈ, ಸ್ವಾತಂತ್ರ್ಯ ಘೋಷಣೆ ಆಗಿ ಹತ್ತೇ ದಿನ. ಕೆಂಟಕಿಯಲ್ಲಿ ಡೇನಿಯಲ್ ಬೂನ್ ಎಂಬ ಬೇಟೆಗಾರನ ಮಗಳು ಜೆಮೈಮಾ ಇಬ್ಬರು ಗೆಳತಿಯರ ಜೊತೆ ನದಿಯಲ್ಲಿ ದೋಣಿಯಲ್ಲಿದ್ದಳು. ಶಾನಿ ಮತ್ತು ಚೆರೋಕಿ ಮೂಲನಿವಾಸಿಗಳ ಗುಂಪೊಂದು ಮೂವರನ್ನೂ ಹಿಡಿದೊಯ್ದಿತು. ಹುಡುಗಿಯರು ದಾರಿಯುದ್ದಕ್ಕೂ ಕೊಂಬೆ ಮುರಿಯುತ್ತಾ, ಬಟ್ಟೆಯ ಚೂರು ಬೀಳಿಸುತ್ತಾ ನಡೆದರು. ಬೂನ್ ಮತ್ತು ಅವನ ಜೊತೆಯವರು ಆ ಗುರುತು ಹಿಡಿದು ಮೂರನೆಯ ದಿನ ತಲುಪಿ ಬಿಡಿಸಿದರು. ಈ ಸಲ ದುಡ್ಡಿನ ಮಾತಿಲ್ಲ, ಬೈಬಲ್ ಇಲ್ಲ. ಬಂದೂಕು ಹಿಡಿದ ಅಪ್ಪ ಬಂದಿದ್ದಾನೆ.

ಜೇಮ್ಸ್ ಫೆನಿಮೋರ್ ಕೂಪರ್ 1826ರಲ್ಲಿ 'ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್' ಬರೆಯುವಾಗ ಈ ಘಟನೆಯನ್ನು ಬಳಸಿಕೊಂಡ. ಕಥೆಯ ಕಾಲ 1757. ಬ್ರಿಟಿಷ್ ಅಧಿಕಾರಿಯ ಇಬ್ಬರು ಹೆಣ್ಣುಮಕ್ಕಳು ಸೆರೆಯಾಗುತ್ತಾರೆ. ನ್ಯಾಟಿ ಬಂಪೋ ಎಂಬ ಬಿಳಿಯ ಬೇಟೆಗಾರ ಮೊಹಿಕನ್ ಎಂಬ ಬುಡಕಟ್ಟಿನ ಇಬ್ಬರ ಜೊತೆ ಅವರ ಹಿಂದೆ ಹೋಗುತ್ತಾನೆ. ನನ್ನ ಪ್ರಕಾರ ಹಾಲಿವುಡ್‌ನ ಕಥೆ ತಿರುಗಿದ್ದು ಇಲ್ಲೇ. ಮೇರಿಯ ಪುಸ್ತಕದಲ್ಲಿ ನಾವು ಸೆರೆಯಾದವಳ ಜೊತೆ ನಡೆಯುತ್ತೇವೆ. ಅವಳಿಗೆ ಹಸಿವಾದರೆ ನಮಗೂ ಗೊತ್ತಾಗುತ್ತದೆ. ಕೂಪರ್‌ನಲ್ಲಿ ನಾವು ಹುಡುಕುವವನ ಜೊತೆ ಇರುತ್ತೇವೆ. ಹುಡುಗಿಯರು ಏನು ತಿಂದರು, ಹೇಗೆ ಮಲಗಿದರು? ಯಾರು ಕೇಳುತ್ತಾರೆ! ಹೆಜ್ಜೆ ಗುರುತು ಸಿಕ್ಕಿತಾ ಅನ್ನುವುದಷ್ಟೇ ಮುಖ್ಯ.

(ನಡುವೆ ಒಂದು ತಮಾಷೆ. ಕೂಪರ್‌ನ ಕಾದಂಬರಿಗಳಲ್ಲಿ ಸದ್ದಿಲ್ಲದೆ ಇರಬೇಕಾದ ಹೊತ್ತಲ್ಲೇ ಯಾರಾದರೂ ಒಣಗಿದ ಕಡ್ಡಿ ತುಳಿದು ಎಲ್ಲರನ್ನೂ ಎಬ್ಬಿಸುತ್ತಾರೆ ಅಂತ ಮಾರ್ಕ್ ಟ್ವೇನ್ 1895ರಲ್ಲಿ ಗೇಲಿ ಮಾಡಿದ್ದ. ಈಗಿನ ಯಾವುದಾದರೂ ಕಾಡಿನ ಥ್ರಿಲ್ಲರ್ ಹಾಕಿ ನೋಡಿ. ಆ ಕಡ್ಡಿ ಇನ್ನೂ ಮುರಿಯುತ್ತಲೇ ಇದೆ.)

1992ರಲ್ಲಿ ಮೈಕಲ್ ಮಾನ್ ಇದನ್ನು ಸಿನಿಮಾ ಮಾಡಿದಾಗ ಬದಲಾಯಿಸಿದ್ದು ಏನು ಅನ್ನುವುದು ಕುತೂಹಲದ ವಿಷಯ. ಕಾದಂಬರಿಯಲ್ಲಿ ನ್ಯಾಟಿಗೆ ಪ್ರೇಮ ಗೀಮ ಏನೂ ಇಲ್ಲ. ಸೆರೆಯಾಗುವ ಇಬ್ಬರಲ್ಲಿ ಅಕ್ಕ ಕೋರಾಳ ತಾಯಿಯ ಕಡೆ ಆಫ್ರಿಕನ್ ಮೂಲವಿದೆ. ಮೊಹಿಕನ್ ಯುವಕ ಅನ್ಕಾಸ್‌ಗೆ ಅವಳ ಮೇಲೆ ಮನಸ್ಸು. ಕೊನೆಗೆ ಕೂಪರ್ ಆ ಇಬ್ಬರನ್ನೂ ಸಾಯಿಸುತ್ತಾನೆ. ಬಣ್ಣ ಬೆರೆಯುವ ಮದುವೆ ಅವನಿಗೆ ನುಂಗಲಾರದ ತುತ್ತು. ಸಿನಿಮಾದಲ್ಲಿ ಕೋರಾಳ ಆಫ್ರಿಕನ್ ಮೂಲವೇ ಮಾಯ. ಅವಳು ಹೀರೋನ ಪ್ರೇಯಸಿಯಾಗಿ ಬದುಕುಳಿಯುತ್ತಾಳೆ. ಜಲಪಾತದ ಹಿಂದೆ ನೀರಿನ ಅಬ್ಬರದಲ್ಲಿ ಅವನು ಅವಳಿಗೆ ಕೂಗಿ ಹೇಳುತ್ತಾನೆ: ಹೇಗಾದರೂ ಜೀವ ಉಳಿಸಿಕೋ, ನಾನು ಹುಡುಕುತ್ತೇನೆ. 'ಟೇಕನ್' ಅಪ್ಪ ಹೇಳುವುದೂ ಇದೇ ಮಾತು, ಅಲ್ವಾ? ಒಬ್ಬ ಸೆರೆಯಾಗುವವಳಿಗೆ ಹೇಳುತ್ತಾನೆ, ಇನ್ನೊಬ್ಬ ಸೆರೆ ಹಿಡಿದವನಿಗೆ. ಹದಿನಾರು ವರ್ಷದಲ್ಲಿ ಹುಡುಗಿಯ ಜೊತೆ ಮಾತಾಡುವ ಅಗತ್ಯವೂ ಕಡಿಮೆಯಾಗಿದೆ. 'ಟೇಕನ್' ತೆಗೆದ ನಿರ್ದೇಶಕ ಫ್ರಾನ್ಸ್‌ನವನು ಅನ್ನುವುದನ್ನೂ ಗಮನಿಸಿ. ಈ ಸೂತ್ರ ಈಗ ಯಾರು ಬೇಕಾದರೂ ಬಳಸುವ ಸಾಮಾನ್ಯ ಸಾಮಾನು.

ಕೂಪರ್ ಕಾದಂಬರಿಗೂ ಈ ಎರಡು ಸಿನಿಮಾಗಳಿಗೂ ಮಧ್ಯೆ ಇನ್ನೊಂದು ದೊಡ್ಡ ಸಿನಿಮಾ ಇದೆ. 1956ರ 'ದಿ ಸರ್ಚರ್ಸ್'. ಜಾನ್ ಫೋರ್ಡ್ ನಿರ್ದೇಶನ, ಜಾನ್ ವೇಯ್ನ್ ನಾಯಕ. ಟೆಕ್ಸಾಸ್‌ನಲ್ಲಿ ಕೊಮಾಂಚಿ ಮೂಲನಿವಾಸಿಗಳು ಅವನ ಅಣ್ಣನ ಮನೆ ಸುಟ್ಟು ಪುಟ್ಟ ಡೆಬಿಯನ್ನು ಒಯ್ಯುತ್ತಾರೆ. ಇವನು ವರ್ಷಗಟ್ಟಲೆ ಹುಡುಕುತ್ತಾನೆ. ಆದರೆ ಸಿನಿಮಾ ನಡುವೆ ಬೆನ್ನು ತಣ್ಣಗಾಗುವ ವಿಷಯ ಗೊತ್ತಾಗುತ್ತದೆ. ಇವನು ಹುಡುಕುತ್ತಿರುವುದು ಬಿಡಿಸಲಿಕ್ಕಲ್ಲ, ಕೊಲ್ಲಲಿಕ್ಕೆ. ದೊಡ್ಡವಳಾಗಿ ಕೊಮಾಂಚಿಯ ಹೆಂಡತಿಯಾದವಳು ಇನ್ನು ನಮ್ಮವಳಲ್ಲ ಅಂತ ಅವನ ಲೆಕ್ಕ. ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಮೇರಿ ತನ್ನ ಪುಸ್ತಕದಲ್ಲಿ ಒಂದು ವಾಕ್ಯ ಬರೆದು ತಡೆಯಲು ನೋಡಿದ ಅನುಮಾನ ಸುಮಾರು 275 ವರ್ಷದ ನಂತರ ಕುದುರೆ ಏರಿ, ಬಂದೂಕು ಹಿಡಿದು ಬಂದಿದೆ. ಕೊನೆಗೆ ಅವನು ಅವಳನ್ನು ಕೊಲ್ಲುವುದಿಲ್ಲ, ಎತ್ತಿಕೊಂಡು ಮನೆಗೆ ತರುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ. ಅವನು ಮಾತ್ರ ಹೊಸ್ತಿಲ ಆಚೆ, ಬಿಸಿಲಲ್ಲಿ, ಒಂದು ಕೈಯಿಂದ ಇನ್ನೊಂದು ತೋಳು ಹಿಡಿದು ನಿಂತು, ತಿರುಗಿ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ.

ಹೀರೋ ಕೊನೆಗೆ ಒಬ್ಬನೇ ಹೊರಟುಹೋಗುವುದೂ ಕೂಪರ್ ಕೊಟ್ಟಿದ್ದೇ. 1823ರ 'ದಿ ಪಯೊನೀರ್ಸ್' ಕಾದಂಬರಿಯ ಕೊನೆಯಲ್ಲಿ ಮುದುಕ ನ್ಯಾಟಿ ಊರು ಬಿಟ್ಟು ಮುಳುಗುವ ಸೂರ್ಯನ ದಿಕ್ಕಿಗೆ ನಡೆದುಬಿಡುತ್ತಾನೆ. ಕಾಡಿನಲ್ಲಿ ಅವನಿಲ್ಲದೆ ಊರು ಹುಟ್ಟುತ್ತಿರಲಿಲ್ಲ. ಊರು ಹುಟ್ಟಿದ ಮೇಲೆ ಜಿಂಕೆ ಹೊಡೆದಿದ್ದಕ್ಕೆ ಅವನ ಮೇಲೇ ಕೇಸು! ವೆಸ್ಟರ್ನ್ ಅನ್ನುವ ಕೌಬಾಯ್ ಸಿನಿಮಾಗಳ ಸೂರ್ಯಾಸ್ತದ ಹಿಂದೆ ಇರುವುದು ಈ ಹಳೆಯ ಕಾದಂಬರಿ.

ಬಿಡಿಸುವವರು ಯಾರು ಅನ್ನುವ ಪ್ರಶ್ನೆಗೆ ಅಮೆರಿಕ ಕೊಟ್ಟ ಇನ್ನೊಂದು ಉತ್ತರ 'ನಾನೇ'. ಅದರ ಮೂಲಪುರುಷ ಬೆಂಜಮಿನ್ ಫ್ರಾಂಕ್ಲಿನ್. 1723ರಲ್ಲಿ ಹದಿನೇಳರ ಹುಡುಗ ಅಣ್ಣನ ಮುದ್ರಣಾಲಯದ ದುಡಿಮೆಯ ಕರಾರು ಮುರಿದು ಬಾಸ್ಟನ್‌ನಿಂದ ಓಡಿಬಂದ. ಫಿಲಡೆಲ್ಫಿಯಾಕ್ಕೆ ಬಂದವನೇ ಮೂರು ಪೆನ್ನಿ ಕೊಟ್ಟು ಬ್ರೆಡ್ ಕೇಳಿದ. ಮೂರು ದೊಡ್ಡ ದೊಡ್ಡ ಬನ್ನು ಸಿಕ್ಕಿತು. ಜೇಬಲ್ಲಿ ಜಾಗ ಇಲ್ಲ. ಎರಡನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಮೂರನೆಯದನ್ನು ತಿನ್ನುತ್ತಾ ಬೀದಿಯಲ್ಲಿ ನಡೆದ. ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗಿ ಇದನ್ನು ನೋಡಿದಳು. ಮುಂದೆ ಅವಳೇ ಅವನ ಹೆಂಡತಿ. ತನ್ನ ಆತ್ಮಕಥೆಯಲ್ಲಿ ಅವನು ಇದನ್ನು ಹೇಳುವ ರೀತಿ ನೋಡಿದರೆ ಪಕ್ಕಾ ಹೀರೋ ಎಂಟ್ರಿ. ಆಮೇಲೆ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದು ಗುಣ ಹಿಡಿದು, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಟ್ಟುಕೊಳ್ಳುತ್ತಿದ್ದ.

1976ರ 'ರಾಕಿ' ಸಿನಿಮಾದ ಬಾಕ್ಸರ್ ಅದೇ ಫಿಲಡೆಲ್ಫಿಯಾದವನು. ಬೆಳಗಿನ ಜಾವ ಐದು ಹಸಿ ಮೊಟ್ಟೆ ಕುಡಿದು ಓಡುತ್ತಾನೆ. ಅವನು ಹತ್ತುವ ಆ 72 ಮೆಟ್ಟಿಲಿನ ಮ್ಯೂಸಿಯಂ ಇರುವುದು ಯಾವ ರಸ್ತೆಯ ತುದಿಯಲ್ಲಿ ಗೊತ್ತಾ? ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕ್‌ವೇ. ಕಪ್ಪು ಚುಕ್ಕೆಯ ಪಟ್ಟಿಯೇ ಇಲ್ಲಿ ಟ್ರೈನಿಂಗ್ ಹಾಡಾಗಿದೆ. ಆದರೆ ರಾಕಿ ಕೊನೆಯ ಪಂದ್ಯ ಸೋಲುತ್ತಾನೆ. ಫ್ರಾಂಕ್ಲಿನ್ ತನ್ನ ಕಥೆಯನ್ನು ಸೋಲಿನಲ್ಲಿ ನಿಲ್ಲಿಸುವ ಪೈಕಿ ಅಲ್ಲ. ಈ ವಿಷಯದಲ್ಲಿ ನನಗೆ ಸಿನಿಮಾನೇ ಜಾಸ್ತಿ ಇಷ್ಟ.

ಯಾರೂ ಬಿಡಿಸಲು ಬರುವುದಿಲ್ಲ ಅನ್ನುವ ಕಥೆಗಳೂ ಇವೆ. ಅಲ್ಲಿಂದ ಹುಟ್ಟಿದ್ದು ಹಾರರ್. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟ ಮಾಡಿದ ಆರೋಪದ ಮೇಲೆ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಇದಕ್ಕೂ ಸೆರೆಯ ಕಥೆಗೂ ನಂಟಿದೆ. ಅದೇ ವರ್ಷ ಬಾಸ್ಟನ್‌ನಲ್ಲಿ ಮರ್ಸಿ ಶಾರ್ಟ್ ಎಂಬ ಹುಡುಗಿಗೆ ದೆವ್ವ ಕಾಣತೊಡಗಿತು. ಎರಡು ವರ್ಷ ಹಿಂದೆ ಗಡಿಯ ಹಳ್ಳಿಯ ಮೇಲಿನ ದಾಳಿಯಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಕೆನಡಾವರೆಗೆ ಸೆರೆಯಾಗಿ ನಡೆದು, ಹಣ ಕೊಟ್ಟ ಮೇಲೆ ವಾಪಸ್ ಬಂದವಳು ಅವಳು. ಪಾದ್ರಿ ಕಾಟನ್ ಮ್ಯಾದರ್ ಅವಳ ಮಾತನ್ನು ಬರೆದುಕೊಂಡ. ಅವಳು ಕಂಡ ಸೈತಾನನ ಮೈಬಣ್ಣ ಮೂಲನಿವಾಸಿಗಳ ಬಣ್ಣ. ಇವತ್ತಾದರೆ ವೈದ್ಯರು ಬೇರೆ ಹೆಸರು ಹೇಳುತ್ತಿದ್ದರೇನೋ.

ಸೇಲಂನ ನ್ಯಾಯಾಧೀಶರಲ್ಲಿ ಒಬ್ಬನ ವಂಶದಲ್ಲಿ ಹುಟ್ಟಿದವನು ಕಥೆಗಾರ ನಥಾನಿಯಲ್ ಹಾಥಾರ್ನ್. 1835ರ ಅವನ ಕಥೆಯಲ್ಲಿ ಬ್ರೌನ್ ಎಂಬ ಯುವಕ ರಾತ್ರಿ ಕಾಡಿಗೆ ಹೋಗುತ್ತಾನೆ. ಸೈತಾನನ ಸಭೆಯಲ್ಲಿ ತನಗೆ ಧರ್ಮಪಾಠ ಹೇಳಿಕೊಟ್ಟ ಮುದುಕಿ, ಊರಿನ ದೊಡ್ಡ ಮನುಷ್ಯರು, ಕೊನೆಗೆ ಹೆಂಡತಿಯೂ ಕಾಣುತ್ತಾಳೆ. ಕನಸೋ ನಿಜವೋ ಗೊತ್ತಾಗುವುದಿಲ್ಲ. ಭಯ ಕಾಡಿನಲ್ಲಿಲ್ಲ, ಪಕ್ಕದ ಮನೆಯಲ್ಲಿದೆ. 2015ರ 'ದಿ ವಿಚ್' ಇದನ್ನೇ ಒಂದು ಕುಟುಂಬದೊಳಗೆ ತರುತ್ತದೆ. ಕಾಲ 1630ರ ದಶಕ, ಸಂಭಾಷಣೆಯಲ್ಲಿ ಬಹಳಷ್ಟು ಆ ಕಾಲದ ಡೈರಿ, ಕೋರ್ಟ್ ದಾಖಲೆಗಳಿಂದಲೇ ತೆಗೆದದ್ದು. ಮಗು ಕಾಣೆಯಾಗುತ್ತದೆ. ಹುಡುಕಿಕೊಂಡು ಬರುವ ಹೀರೋ ಇಲ್ಲ. ಮನೆಯವರು ಒಬ್ಬರ ಮೇಲೊಬ್ಬರು ಆರೋಪ ಹೊರಿಸಿಕೊಂಡು ಮುಗಿದುಹೋಗುತ್ತಾರೆ.

'ಮೋಬಿ ಡಿಕ್' ಮತ್ತು 'ಜಾಸ್' ಬಗ್ಗೆ ಎರಡು ಮಾತು ಸಾಕು, ಎಲ್ಲರೂ ಬರೆದಿದ್ದಾರೆ. 1851ರ ಮೆಲ್‌ವಿಲ್ ಕಾದಂಬರಿಯಲ್ಲಿ 135 ಅಧ್ಯಾಯ, ಹಟಮಾರಿ ನಾವಿಕನೊಬ್ಬ ಬೆನ್ನು ಹತ್ತಿದ ತಿಮಿಂಗಿಲ ಎದುರಿಗೆ ಬರುವುದು ಕೊನೆಯ ಮೂರರಲ್ಲಿ. 1975ರ ಸಿನಿಮಾದಲ್ಲೂ ಶಾರ್ಕ್ ಬಹಳ ಹೊತ್ತು ಕಾಣುವುದಿಲ್ಲ. ಆದರೆ ಅದಕ್ಕೆ ಕಾರಣ ಯಂತ್ರದ ಶಾರ್ಕ್ ಉಪ್ಪುನೀರಲ್ಲಿ ಪದೇ ಪದೇ ಕೆಟ್ಟಿದ್ದು! ಕಾದಂಬರಿಯ ಈಟಿಗಾರ ಟ್ಯಾಶ್ಟೆಗೋ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದವನು, ಸಿನಿಮಾದ ಶೂಟಿಂಗ್ ನಡೆದದ್ದೂ ಅದೇ ದ್ವೀಪದಲ್ಲಿ. ಕಾದಂಬರಿಯ ಕೊನೆಯಲ್ಲಿ ಒಬ್ಬನೇ ಉಳಿಯುತ್ತಾನೆ, ಶವಪೆಟ್ಟಿಗೆ ಹಿಡಿದು ತೇಲುತ್ತಾ. ಸಿನಿಮಾದಲ್ಲಿ ಇಬ್ಬರು ಉಳಿಯುತ್ತಾರೆ, ಪೀಪಾಯಿ ಹಿಡಿದು ಕಾಲು ಬಡಿಯುತ್ತಾ. ಸಂಬಳದ ಪೊಲೀಸ್ ಒಬ್ಬ, ಓದಿದ ವಿಜ್ಞಾನಿ ಒಬ್ಬ. ಹಟಮಾರಿ ನಾವಿಕ ಎರಡೂ ಕಡೆ ಸಾಯುತ್ತಾನೆ.

ಈಗ ಮತ್ತೆ ಸೆರೆಗೆ ಬರೋಣ. ಬಿಳಿಯರ ಹೆಂಗಸರನ್ನು ಮೂಲನಿವಾಸಿಗಳು ಒಯ್ದ ಕಥೆ ಅಮೆರಿಕದಲ್ಲಿ ಮನೆಮನೆಗೆ ತಲುಪುತ್ತಿದ್ದಾಗಲೇ ಲಕ್ಷಗಟ್ಟಲೆ ಕಪ್ಪು ಜನರನ್ನು ಬಿಳಿಯರು ಸೆರೆಯಲ್ಲಿಟ್ಟಿದ್ದರು. ಸಾಲಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ, ಪಿಟೀಲು ನುಡಿಸುತ್ತಿದ್ದ. 1841ರಲ್ಲಿ ಕೆಲಸದ ಆಸೆ ತೋರಿಸಿ ಇಬ್ಬರು ಅವನನ್ನು ವಾಷಿಂಗ್ಟನ್‌ಗೆ ಕರೆದೊಯ್ದರು. ಎಚ್ಚರವಾದಾಗ ಕೈಗೆ ಬೇಡಿ. ಅಲ್ಲಿಂದ ಲೂಸಿಯಾನಾದ ಹತ್ತಿ ಹೊಲ, 12 ವರ್ಷ. 1853ರಲ್ಲಿ ಬಿಡುಗಡೆಯಾದ, ಅದೇ ವರ್ಷ ಪುಸ್ತಕ ಬಂತು. 2013ರಲ್ಲಿ ಸಿನಿಮಾ ಆಗಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು.

ಈ ಪುಸ್ತಕದಲ್ಲಿ ನನಗೆ ಮೇರಿಯ ಸೂಜಿ ಮತ್ತೆ ಕಂಡಿತು. ಗುಲಾಮನ ಕೈಗೆ ಕಾಗದ, ಶಾಯಿ ಸಿಗುವಂತಿಲ್ಲ. ನಾರ್ಥಪ್ ಒಂದು ಹಾಳೆ ಕದ್ದಿಟ್ಟುಕೊಳ್ಳುತ್ತಾನೆ. ಮೇಪಲ್ ಮರದ ತೊಗಟೆ ಕುದಿಸಿ ಶಾಯಿ ಮಾಡುತ್ತಾನೆ. ಬಾತುಕೋಳಿಯ ರೆಕ್ಕೆಯಿಂದ ಗರಿ ಕಿತ್ತು ಪೆನ್ನು ಮಾಡುತ್ತಾನೆ. ಎಲ್ಲರೂ ಮಲಗಿದ ಮೇಲೆ ಬೆಂಕಿಯ ಬೆಳಕಲ್ಲಿ ಕಾಗದ ಬರೆಯುತ್ತಾನೆ. ಅಂಚೆಗೆ ಹಾಕಲು ನಂಬಿದ ಬಿಳಿಯ ಕೈಕೊಡುತ್ತಾನೆ. ಜೀವ ಉಳಿಸಿಕೊಳ್ಳಲು ಕಾಗದವನ್ನು ತಾನೇ ಸುಡಬೇಕಾಗುತ್ತದೆ. ಸಿನಿಮಾದಲ್ಲಿ ಆ ಸುಡುವ ಕಾಗದವನ್ನು ನಿಧಾನವಾಗಿ ತೋರಿಸುತ್ತಾರೆ, ಕಿಡಿ ಆರುವವರೆಗೆ. ಕೊನೆಗೆ ಬಾಸ್ ಎಂಬ ಬಡಗಿ ಅವನ ಪರವಾಗಿ ಕಾಗದ ಹಾಕಿ, ಕಾನೂನಿನ ಪತ್ರ ಹಿಡಿದು ಜನ ಬರುತ್ತಾರೆ. ಬಂದೂಕು ಹಾರುವುದಿಲ್ಲ. ಅಮೆರಿಕದ ಸೆರೆಯ ಕಥೆಗಳಲ್ಲಿ ಇಷ್ಟು ದೊಡ್ಡ ಸಿನಿಮಾ ಸೆರೆಯಾದವನ ಪಕ್ಕದಲ್ಲೇ ಕೂತು ಕಥೆ ಹೇಳಿದ್ದು ಅಪರೂಪ.

ಬಿಡಿಸಿಕೊಂಡು ಬಂದ ಮೇಲೆ ಏನಾಯಿತು? ಸಿನಿಮಾಗಳು ಇದನ್ನು ಕೇಳುವುದೇ ಇಲ್ಲ. 'ದಿ ಸರ್ಚರ್ಸ್' ಬಾಗಿಲು ಮುಚ್ಚಿಬಿಡುತ್ತದೆ. ಆ ಕಥೆಗೆ ಹೋಲುವ ನಿಜ ಜೀವನ ಸಿಂಥಿಯಾ ಆನ್ ಪಾರ್ಕರ್‌ಳದು. 1836ರಲ್ಲಿ ಟೆಕ್ಸಾಸ್‌ನಲ್ಲಿ ಕೊಮಾಂಚಿಗಳು ಒಯ್ದಾಗ ಸುಮಾರು ಒಂಬತ್ತು ವರ್ಷ. ಚಿಕ್ಕಪ್ಪ ವರ್ಷಗಟ್ಟಲೆ ಹುಡುಕಿದ, ಸಿಗಲಿಲ್ಲ. 24 ವರ್ಷದ ನಂತರ ಬಿಳಿಯರ ದಂಡು ಅವಳನ್ನು 'ಬಿಡಿಸಿದಾಗ' ಅವಳು ಮೂರು ಮಕ್ಕಳ ಕೊಮಾಂಚಿ ತಾಯಿ. ವಾಪಸ್ ಹೋಗಲು ಒದ್ದಾಡಿದಳು, ಬಿಡಲಿಲ್ಲ. ಅವಳ ಮಟ್ಟಿಗೆ ಸೆರೆಯಾಗಿದ್ದು ಎರಡು ಸಲ.

ಮೇರಿ ರೋಲಂಡ್‌ಸನ್ ಮಾತ್ರ ತನ್ನ ಪುಸ್ತಕದ ಕೊನೆಯಲ್ಲಿ ಇದನ್ನು ಬರೆದಿದ್ದಾಳೆ. ಮನೆ ಸಿಕ್ಕಿದೆ, ಗಂಡ ಇದ್ದಾನೆ, ಉಳಿದ ಇಬ್ಬರು ಮಕ್ಕಳೂ ಬಂದಿದ್ದಾರೆ, ಹೊಟ್ಟೆ ತುಂಬಾ ಗೋಧಿ ರೊಟ್ಟಿ ಇದೆ. ಮೊದಲು ಇಡೀ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು, ಈಗ ಹಾಗಿಲ್ಲ ಅನ್ನುತ್ತಾಳೆ. ಸುತ್ತಲಿನವರೆಲ್ಲ ಮಲಗಿರುತ್ತಾರೆ, ಅವಳು ಎದ್ದಿರುತ್ತಾಳೆ.